ಅವ್ವ, ಹೊಸತು ಬಂದುಂಟು

ಮಸ್ಕತ್
2 ಸೆಪ್ಟೆಂಬರ್ 2024

ಭವಿತಾ ಅವರಿಗೆ,

ನಿಮಗೆ ಮೂರು ಇ-ಮೇಲ್ ಕಳುಹಿಸಿದೆ. ಯಾವುದಕ್ಕೂ ಉತ್ತರ ಬರಲಿಲ್ಲ. ನೀವು ನಮ್ಮ ಬಳಗಕ್ಕೆ ಸೇರಿದಾಗ ಕೊಟ್ಟಿದ್ದ ಅಂಚೆ ವಿಳಾಸ ಹಳೆಯ ದಾಖಲೆಯಲ್ಲಿ ಸಿಕ್ಕಿತು. ಹಾಗಾಗಿ ಕಾಗದ. ಕುಂಬ್ರದ ಶಾಲೆಯಲ್ಲಿ ಕಲಿತ ಅಕ್ಷರ. ಕೈಯಲ್ಲಿ ಬರೆಯದೆ ಹದಿನೈದು ವರ್ಷವಾಯಿತು. ಸೊಟ್ಟಗಿದ್ದರೆ ಸಹಿಸಿಕೊಳ್ಳಿ.

ವಿಷಯ ನಿಮಗೆ ಗೊತ್ತಿರುವುದೇ. ನಾವು ಊರಿಗೆಲ್ಲ ಉಚಿತವಾಗಿ ಹಂಚುವ ಕಂಪ್ಯೂಟರ್ ಪ್ರೋಗ್ರಾಂಗಳ ಸಾವಿರಾರು ಪ್ಯಾಕೇಜುಗಳಲ್ಲಿ ಒಂದೊಂದಕ್ಕೂ ಒಬ್ಬರ ಹೆಸರಿದೆ. ಸಂಬಳವಿಲ್ಲದ ಕೆಲಸ. ಕೆಲವರು ಬೇಸತ್ತು ಹೇಳದೆ ಬಿಟ್ಟುಹೋಗುತ್ತಾರೆ. ಹಾಗೆ ಮೌನವಾದವರನ್ನು ಹುಡುಕಿ "ಇದ್ದೀರಾ?" ಎಂದು ಕೇಳುವ ಮೂವರಲ್ಲಿ ನಾನೊಬ್ಬ. ಉತ್ತರ ಬಾರದಿದ್ದರೆ ಹೆಸರು ತೆಗೆದು ಪ್ಯಾಕೇಜನ್ನು ಬೇರೆಯವರಿಗೆ ಒಪ್ಪಿಸುತ್ತೇವೆ.

ನಿಮ್ಮ ಸಂಗತಿ ಮಾತ್ರ ವಿಚಿತ್ರ. ಮಾತು ನಿಂತಿದೆ, ಕೆಲಸ ನಿಂತಿಲ್ಲ. ಕಣ್ಣು ಕಾಣದವರಿಗೆ ಕನ್ನಡ ಓದಿ ಹೇಳುವ ನಿಮ್ಮ 'ಕೊರಳು' ಪ್ಯಾಕೇಜನ್ನೇ ನೋಡಿ. ಮೂಲ ಪ್ರೋಗ್ರಾಂ ಬರೆಯುವವರು ಹೊಸ ಆವೃತ್ತಿ ಬಿಟ್ಟ ದಿನವೇ ನಿಮ್ಮ ಡಿಜಿಟಲ್ ಸಹಿ ಬಿದ್ದ ಪ್ಯಾಕೇಜ್ ನಮಗೆ ಬರುತ್ತದೆ. ಮಾರ್ಚ್‌ನಿಂದ ಐದು ಬಂದಿವೆ. ಮೊದಲೆಲ್ಲ ಏನು ಬದಲಾಯಿತು, ಏನು ಪರೀಕ್ಷಿಸಿದೆ ಎಂದು ಅರ್ಧ ಪುಟ ಬರೆಯುತ್ತಿದ್ದಿರಿ. ಈಗ ಒಂದು ಸಾಲೂ ಇಲ್ಲ.

ನನ್ನ ಮೇಲೆ ಬೇಸರವಿದ್ದರೆ ಅದನ್ನಾದರೂ ಬರೆಯಿರಿ.

ಶಿಹಾಬ್


ಗುತ್ತಿಗಾರು, ಸುಳ್ಯ ತಾಲೂಕು
24 ಸೆಪ್ಟೆಂಬರ್ 2024

ಶಿಹಾಬರಿಗೆ,

ನಿಮ್ಮ ಕಾಗದ ಮುಟ್ಟಿತು. ನಾನು ಭವಿತಾಳ ತಾಯಿ. ಈ ಮನೆಗೆ ಬರುವ ಕಾಗದಗಳನ್ನು ಒಡೆಯುವವಳು ನಾನೇ.

ಮಗಳಿಗೆ ಕಾಗದ ಬರೆಯಲು ಆಗುವುದಿಲ್ಲ. ಅವಳ ಕೆಲಸ ನಿಂತಿಲ್ಲ ಎಂದು ನೀವೇ ಬರೆದಿದ್ದೀರಿ. ಮತ್ತೆ ವಿಚಾರಣೆ ಯಾತಕ್ಕೆ? ನಾನು ಇಪ್ಪತ್ತೆಂಟು ವರ್ಷದಿಂದ ಇಲ್ಲಿ ಎಣ್ಣೆಮಿಲ್ಲು ನಡೆಸುತ್ತಿದ್ದೇನೆ. ಕೊಬ್ಬರಿ ತಂದವರು ಎಣ್ಣೆ ತೆಗೆದುಕೊಂಡು ಹೋಗುತ್ತಾರೆ. ಯಂತ್ರದ ಹಿಂದೆ ಯಾರು ನಿಂತಿದ್ದಾರೆ ಎಂದು ಇದುವರೆಗೆ ಒಬ್ಬರೂ ಇಣುಕಿ ನೋಡಿಲ್ಲ.

ಹೆಸರು ತೆಗೆಯುವ ಮಾತು ಬರೆದಿದ್ದೀರಿ. ತೆಗೆಯಬಾರದು. ಆ ಹೆಸರಿಗಾಗಿ ಅವಳು ಏನು ಮಾಡಿದ್ದಾಳೆ ಎಂಬುದು ಮಸ್ಕತ್ತಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ.

ನಿಮ್ಮ ಅಕ್ಷರ ಸೊಟ್ಟಗಿಲ್ಲ. ಚೆನ್ನಾಗಿಯೇ ಇದೆ.

ತಿಮ್ಮಕ್ಕ


ಮಸ್ಕತ್
15 ಅಕ್ಟೋಬರ್ 2024

ತಿಮ್ಮಕ್ಕನವರಿಗೆ,

ನಿಮ್ಮ ಕಾಗದದಿಂದ ಮನಸ್ಸು ಹಗುರವಾಯಿತು. ಭವಿತಾ ಇದ್ದಾರೆ, ಕೆಲಸದಲ್ಲಿದ್ದಾರೆ ಎಂದು ತಿಳಿದದ್ದೇ ದೊಡ್ಡದು. ಆದರೆ ಈಗ ಅವರು ತುರ್ತಾಗಿ ಬೇಕಾಗಿದ್ದಾರೆ. ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ.

ಸೆಪ್ಟೆಂಬರ್ ಕೊನೆಯಲ್ಲಿ ಬಂದ ಆವೃತ್ತಿಯಲ್ಲಿ ದೋಷವಿದೆ. ಅದನ್ನು ಹಾಕಿಕೊಂಡ ಕಂಪ್ಯೂಟರುಗಳಲ್ಲಿ ಕೊರಳು ಮೂಕವಾಗಿದೆ. ಬಯಲುಸೀಮೆಯ ಒಂದು ಅಂಧ ಮಕ್ಕಳ ಶಾಲೆಯಿಂದ ಬರೆದಿದ್ದಾರೆ: ಪರೀಕ್ಷೆಯ ದಿನ ಬೆಳಿಗ್ಗೆ ಇಪ್ಪತ್ತೆರಡು ಯಂತ್ರಗಳೂ ಬಾಯಿ ಬಿಡಲಿಲ್ಲವಂತೆ. ಮಕ್ಕಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮುಕ್ಕಾಲು ಗಂಟೆ ಸುಮ್ಮನೆ ಕೂತಿದ್ದರಂತೆ.

ಬೇರೆ ಯಾರೇ ಆಗಿದ್ದರೆ ಪರೀಕ್ಷಿಸದೆ ಕಳುಹಿಸಿದ್ದಾರೆ ಎನ್ನುತ್ತಿದ್ದೆ. ಭವಿತಾ ಒಂದು ಅಲ್ಪವಿರಾಮವನ್ನೂ ಕೇಳಿ ನೋಡದೆ ಕಳುಹಿಸಿದವರಲ್ಲ. ಎಲ್ಲಿ ತಪ್ಪಾಯಿತೆಂದು ಅವರೇ ಹೇಳಬೇಕು.

ಮುಂದಿನ ವಾರ ನನ್ನ ಉಮ್ಮ ಸಾರಮ್ಮ ಸಂಬಂಧಿಕರ ಮನೆಗೆಂದು ಕಡಬಕ್ಕೆ ಹೋಗುವವರಿದ್ದಾರೆ. ದಾರಿಯಲ್ಲಿ ನಿಮ್ಮ ಮಿಲ್ಲಿಗೆ ಬಂದು ಹೋಗಲು ಹೇಳಿದ್ದೇನೆ. ತಪ್ಪು ತಿಳಿಯಬೇಡಿ.

ಶಿಹಾಬ್


ಗುತ್ತಿಗಾರು
8 ನವೆಂಬರ್ 2024

ಶಿಹಾಬರಿಗೆ,

ನಿಮ್ಮ ತಾಯಿ ಬಂದಿದ್ದರು. ಚಹಾ ಕುಡಿದು ಎರಡು ಲೀಟರ್ ಎಣ್ಣೆ ಕೊಂಡರು. "ಮಗಳು ಎಲ್ಲಿ?" ಎಂದು ಕೇಳಿದರು. "ಅವಳ ಕೋಣೆ ಅದು" ಎಂದು ಬಾಗಿಲು ತೋರಿಸಿದೆ. ನಾನು ಸುಳ್ಳು ಹೇಳಲಿಲ್ಲ.

ಮಕ್ಕಳ ವಿಷಯ ಓದಿದೆ. ಮೂಲ ಬರೆದವರ ತಪ್ಪು ಇರಬಹುದು. ಅವರನ್ನು ಕೇಳಿ. ನನ್ನ ಮಗಳು ಇಷ್ಟು ವರ್ಷ ಕಟ್ಟಿ ಕೊಟ್ಟದ್ದರಲ್ಲಿ ಹುಳುಕಿತ್ತೇ? ಒಂದು ಸಲ ಆದದ್ದಕ್ಕೆ ಇಷ್ಟು ದೊಡ್ಡ ಮಾತು ಬೇಡ.

ಅವಳು ನನ್ನನ್ನು ಈಗಲೂ ಕರೆಯುತ್ತಾಳೆ. ಮೊನ್ನೆ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ಮಿಲ್ಲಿನ ಬೆಲ್ಟ್ ಹಾಕಿ ಒಳಗೆ ಬರುವಾಗ ಕರೆದಳು. ಕೈ ಒರೆಸಿಕೊಂಡು ಹೋದೆ. ಕರೆದಾಗ ಹೋಗದೆ ಇರಲು ನನ್ನಿಂದ ಆಗುವುದಿಲ್ಲ. ಇಷ್ಟು ನಿಮಗೆ ಸಾಕು.

ದೀಪಾವಳಿಯ ಗಡಿಬಿಡಿಯಲ್ಲಿ ಉತ್ತರ ತಡವಾಯಿತು.

ತಿಮ್ಮಕ್ಕ


ಮಸ್ಕತ್
2 ಡಿಸೆಂಬರ್ 2024

ತಿಮ್ಮಕ್ಕನವರಿಗೆ,

ಉಮ್ಮ ಫೋನಿನಲ್ಲಿ ಹೇಳಿದರು: "ಹೊಸ್ತಿಲಲ್ಲಿ ಹುಡುಗಿಯ ಚಪ್ಪಲಿ ಉಂಟು. ಕೋಣೆ ಒಳಗೆ ಒಂದು ಹೆಂಗಸು ಪೇಪರ್ ಓದುದು ಕೇಳ್ತಾ ಇತ್ತು. ನಾನು ಇರುವಷ್ಟು ಹೊತ್ತೂ ಉಸಿರು ತೆಗೆಯದೆ ಓದ್ತಾ ಇದ್ದಳು ಮಾರಾಯ. ಹೊರಗೆ ಮಾತ್ರ ಬರಲಿಲ್ಲ." ಅದು ಕೊರಳಿನ ಧ್ವನಿ ಎಂದು ನನಗೆ ತಿಳಿಯಿತು. ಭವಿತಾ ಕೋಣೆಯಲ್ಲಿ ಪರೀಕ್ಷೆ ಮಾಡುತ್ತಿದ್ದರು, ನನ್ನ ಉಮ್ಮನ ಮುಖ ನೋಡಲು ಮನಸ್ಸಿರಲಿಲ್ಲ. ಅವರ ಸಿಟ್ಟಿಗೆ ನಾನು ಅರ್ಹ. ಅದರ ಕಾರಣ ಅವರಿಗೂ ಗೊತ್ತು, ನನಗೂ ಗೊತ್ತು.

ಆದರೆ ಒಂದು ಲೆಕ್ಕ ತಪ್ಪುತ್ತಿದೆ. ನವೆಂಬರ್ ಆರರಂದು, ನೀವು ಬರೆದ ಅದೇ ಬುಧವಾರ, ಮತ್ತೊಂದು ಆವೃತ್ತಿ ಬಂತು. ಮೂಲದಲ್ಲಿ ಬಿಡುಗಡೆಯಾಗಿ ಇಪ್ಪತ್ತು ನಿಮಿಷದಲ್ಲಿ ಭವಿತಾಳ ಸಹಿಯೊಂದಿಗೆ ನಮ್ಮಲ್ಲಿತ್ತು. ಹಳೆಯ ದೋಷ ಹಾಗೆಯೇ ಇತ್ತು. ನಾಲ್ಕು ಸಾವಿರ ಸಾಲುಗಳ ಬದಲಾವಣೆಯನ್ನು ಇಪ್ಪತ್ತು ನಿಮಿಷದಲ್ಲಿ ಯಾರೂ ಓದಲಾರರು.

ಅವರ ಸಹಿಯನ್ನು ಬೇರೆ ಯಾರೋ ಹಾಕುತ್ತಿದ್ದಾರೆ ಎಂದು ನನಗೆ ಸಂಶಯ. ಅದು ನಿಜವಾದರೆ ಸಣ್ಣ ವಿಷಯವಲ್ಲ. ಆ ಸಹಿಯನ್ನು ನಂಬಿ ಸಾವಿರಾರು ಜನ ತಮ್ಮ ಯಂತ್ರಗಳ ಬಾಗಿಲು ತೆರೆಯುತ್ತಾರೆ. ನಾಳೆ ಯಾರೋ ದುಷ್ಟರು ಮೂಲದಲ್ಲಿ ವಿಷ ಬೆರೆಸಿದರೂ ಅದು ಭವಿತಾಳ ಹೆಸರಿನಲ್ಲೇ ಮನೆಮನೆಗೆ ಹೋಗುತ್ತದೆ.

ಜನವರಿ ಹದಿನೈದರೊಳಗೆ ಅವರು ಫೋನಿನಲ್ಲಿ ನನ್ನೊಂದಿಗೆ ಎರಡು ಮಾತು ಆಡಬೇಕು. ಇಲ್ಲವಾದರೆ ಸಹಿಯನ್ನು ರದ್ದುಮಾಡುತ್ತೇನೆ. ನಂಬರು ಕೆಳಗಿದೆ.

ಶಿಹಾಬ್


ಗುತ್ತಿಗಾರು
26 ಡಿಸೆಂಬರ್ 2024

ಶಿಹಾಬರಿಗೆ,

ಭವಿತಾ ಮಾರ್ಚ್ ಒಂಬತ್ತರಂದು ತೀರಿಕೊಂಡಳು. ಅವಳಿಗೆ ಮೂವತ್ತಮೂರು ವರ್ಷ. ರಕ್ತದ ಕಾಯಿಲೆ. ನೀವು ಮೊದಲ ಕಾಗದ ಬರೆಯುವಾಗ ಅವಳು ಹೋಗಿ ಆರು ತಿಂಗಳಾಗಿತ್ತು.

ಇದನ್ನು ನಿಮಗೆ ಹೆದರಿ ಬರೆಯುತ್ತಿಲ್ಲ. ಯಾಕೆ ಬರೆಯುತ್ತಿದ್ದೇನೆ ಎಂದು ಹೇಳುತ್ತೇನೆ.

ಇಲ್ಲಿ ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ ಜನರ ಅರ್ಜಿ ಟೈಪ್ ಮಾಡಿಕೊಡುವ ಕುಕ್ಕಪ್ಪ ಎಂಬವನಿದ್ದಾನೆ. ಹುಟ್ಟಿನಿಂದ ಕಣ್ಣಿಲ್ಲ. ಅವನಿಗೆ ಕೊರಳು ಹಾಕಿಕೊಟ್ಟು ಕಲಿಸಿದವಳು ಭವಿತಾ. ಹೋದ ವಾರ ಎಣ್ಣೆಗೆ ಬಂದವನು ಕ್ಯಾನ್ ಕೆಳಗಿಟ್ಟು ನಿಂತ.

"ತಿಮ್ಮಕ್ಕ, ನನ್ನ ಕಂಪ್ಯೂಟರ್ ಎರಡು ತಿಂಗಳಿಂದ ಮಾತಾಡುದಿಲ್ಲ."

"ಅಂಗಡಿಯವರಿಗೆ ತೋರಿಸು."

"ತೋರಿಸಿದೆ. ಹೊಸ ಕೊರಳು ಹಾಳಂತೆ. ಹಳೇದು ಹಾಕಿದ್ರೆ ಅದಾಗಿ ಹೊಸದಾಗ್ತದೆ. ಭವಿತಕ್ಕ ಇದ್ದಿದ್ರೆ ಹೀಗೆ ಬಿಡ್ತಿರಲಿಲ್ಲ. ಈಗ ಯಾರೋ ಒಬ್ಬ ಅವರ ಹೆಸರು ಇಟ್ಕೊಂಡು ಹಾಳು ಮಾಡ್ತಾ ಇದ್ದಾನೆ. ಸಿಕ್ಕಿದ್ರೆ ನಾಲ್ಕು ಬಿಡ್ತಿದ್ದೆ ನಾನು, ಕಣ್ಣು ಕಾಣದಿದ್ರೂ."

ಮಿಲ್ಲಿನ ಆಳುಗಳು ನಕ್ಕರು. ನನಗೆ ನಗಲು ಆಗಲಿಲ್ಲ. ಅವನ ಕ್ಯಾನಿಗೆ ಎಣ್ಣೆ ತುಂಬಿಸುವಾಗ ಹೊರಗೆ ಚೆಲ್ಲಿತು. ಇಪ್ಪತ್ತೆಂಟು ವರ್ಷದಲ್ಲಿ ಎಣ್ಣೆ ಚೆಲ್ಲಿದವಳಲ್ಲ ನಾನು.

ಆ ಯಾರೋ ಒಬ್ಬ ನಾನೇ.

ನೀವು ಕಳೆದ ಫೆಬ್ರವರಿ ಇಪ್ಪತ್ತರಂದು ನಿಮ್ಮ ಬಳಗದವರೆಲ್ಲರೂ ಓದುವ ಇ-ಮೇಲ್ ಪಟ್ಟಿಯಲ್ಲಿ ಬರೆದದ್ದು ನನಗೆ ಬಾಯಿಪಾಠ ಬರುತ್ತದೆ. 'ಭವಿತಾ ಅವರಿಗೆ ಸಮಯವಿಲ್ಲದಿದ್ದರೆ ಬಿಟ್ಟುಕೊಡಲಿ. ಬರೀ ಹೆಸರಿಗಾಗಿ ಪ್ಯಾಕೇಜ್ ಹಿಡಿದುಕೊಂಡು ಕೂರುವುದು ಸೇವೆಯಲ್ಲ.' ನಿಮ್ಮ ಮೊದಲ ಕಾಗದದ ಲಕೋಟೆ ನೋಡಿದಾಗಲೇ ಅದು ನೀವೇ ಎಂದು ನನಗೆ ತಿಳಿದಿತ್ತು. ನೀವು ಹೇಳುತ್ತೀರೋ ಎಂದು ಕಾದೆ. ಹೇಳಲಿಲ್ಲ.

ಅದನ್ನು ಓದಿದಾಗ ಅವಳು ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಗಿತ್ತು. ಮದ್ದಿನಿಂದ ಬೆರಳು ಮರಗಟ್ಟಿತ್ತು. "ಕಾಯಿಲೆ ಅಂತ ಬರಿ" ಎಂದೆ. "ಬೇಡ ಅವ್ವ, ಕನಿಕರದ ಕಾಗದ ಓದುದಕ್ಕೆ ನನಗೆ ಪುರುಸೊತ್ತಿಲ್ಲ" ಎಂದಳು. ಆ ಹಟ ನನ್ನಿಂದಲೇ ಬಂದದ್ದು. ಮೂರು ದಿನ ಕೂತು, ಒಂದೊಂದೇ ಅಕ್ಷರ ತಡವಿ ಒತ್ತಿ, ಒಂದು ಸಣ್ಣ ಪ್ರೋಗ್ರಾಂ ಬರೆದಳು. ಮೂಲದಲ್ಲಿ ಹೊಸತು ಬಂದರೆ ಯಂತ್ರವೇ ತಂದು ಕಟ್ಟಿ ಸಿದ್ಧಮಾಡುತ್ತದೆ. ಸಹಿಗೆ ಪಾಸ್‌ವರ್ಡಿನಂತಿರುವ ಗುಟ್ಟಿನ ಸಾಲನ್ನು ಮಾತ್ರ ಮನುಷ್ಯರು ಒತ್ತಬೇಕು. ಅದನ್ನು ತಪ್ಪಿಲ್ಲದೆ ಒತ್ತಲು ಅವಳ ಬೆರಳಿಗೆ ಆಗದ ಕಾರಣ ನನಗೆ ಹೇಳಿಕೊಟ್ಟಳು. ನನ್ನನ್ನು ಕರೆಯಲು ಪರದೆಯ ಮೇಲೆ ಒಂದು ಪೆಟ್ಟಿಗೆ ಮೂಡುವಂತೆ ಮಾಡಿದಳು. ಅದರಲ್ಲಿ ಹೀಗೆ ಇರುತ್ತದೆ:

'ಅವ್ವ, ಹೊಸತು ಬಂದುಂಟು. ಒತ್ತು.'

ಅವಳಿರುವಾಗ ಅದು ಒಂದೇ ಸಲ ಬಂತು. ಅವಳು ಎಲ್ಲವನ್ನೂ ಓದಿ ಕೇಳಿ "ಈಗ ಒತ್ತು" ಎಂದ ಮೇಲೆ ಒತ್ತಿದೆ. ಎರಡನೆಯ ಸಲ ಬಂದದ್ದು ಅವಳು ಹೋದ ಹದಿನಾಲ್ಕನೆಯ ದಿನ. ಮನೆಯಲ್ಲಿ ನೆಂಟರಿದ್ದರು. ಕೋಣೆಯಲ್ಲಿ ಅವಳ ಬಟ್ಟೆ ಮಡಚುತ್ತಿದ್ದೆ. ತಿರುಗಿ ನೋಡಿದರೆ ಪರದೆಯ ಮೇಲೆ ಅವ್ವ ಎಂದು ಕರೆಯುತ್ತಿದ್ದಾಳೆ. ಶಿಹಾಬರೇ, ನೀವಾದರೆ ಏನು ಮಾಡುತ್ತಿದ್ದಿರಿ?

ನಾನು ಒತ್ತಿದೆ. ಆಮೇಲೆ ಪ್ರತಿ ಸಲವೂ ಒತ್ತಿದೆ. ಪ್ರತಿ ದಿನ ಬೆಳಿಗ್ಗೆ ಮೊದಲು ಆ ಪರದೆ ನೋಡಿ ಮತ್ತೆ ಮಿಲ್ಲಿನ ಬಾಗಿಲು ತೆಗೆಯುತ್ತೇನೆ. ಅದರ ಒಳಗೆ ಏನಿದೆ ಎಂದು ನೋಡಲು ನನಗೆ ತಿಳಿಯದು. ನಮ್ಮ ಯಂತ್ರದಲ್ಲಿ ಅವಳು ಹಾಕಿದ ಹಳೆಯ ಕೊರಳೇ ಇದೆ. ಅದನ್ನು ಬದಲಿಸಲು ನಾನು ಬಿಟ್ಟಿಲ್ಲ. ದಿನವೂ ಅದರಲ್ಲಿ ಪೇಪರ್ ಓದಿಸಿಡುತ್ತೇನೆ. ನಿಮ್ಮ ತಾಯಿ ಕೇಳಿದ್ದು ಅದನ್ನೇ. ಹೊಸತು ಮೂಕವಾಗಿದೆ ಎಂದು ನೀವು ಬರೆಯುವವರೆಗೆ ನನಗೆ ಇಲ್ಲಿ ಗೊತ್ತಾಗುವ ಹಾಗಿರಲಿಲ್ಲ. ಬರೆದ ಮೇಲೂ ಒತ್ತಿದೆ. ಊರಿಗೆಲ್ಲ ಹೊಸತನ್ನು ಕಳುಹಿಸಿ ಹಳೆಯದನ್ನು ನಾನು ಇಟ್ಟುಕೊಂಡೆ.

ಇನ್ನೊಂದು ಬರೆದುಬಿಡುತ್ತೇನೆ. ನಮ್ಮಲ್ಲಿ ದೀಪಾವಳಿಗೆ ಮನೆಯಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸುವ ಕ್ರಮವುಂಟು. ಕುಂಬ್ರದವರಾದ ನಿಮಗೆ ಗೊತ್ತಿರಬಹುದು. ಬಡಿಸಿ, ಬಾಗಿಲು ಮುಚ್ಚಿ, ಹೊರಗೆ ಕಾಯುವುದು. ಈ ವರ್ಷ ನನ್ನ ಭಾವ ಮೇದಪ್ಪನವರು "ಎಲೆ ಎಷ್ಟು ತಿಮ್ಮಕ್ಕ?" ಎಂದು ಕೇಳಿದರು. "ಹೋದ ವರ್ಷದಷ್ಟೇ" ಎಂದೆ. ಯಾರೂ ಎದುರು ಮಾತಾಡಲಿಲ್ಲ. ಈ ಮನೆಯಲ್ಲಿ ನನಗೆ ಎದುರು ಮಾತಾಡುವವಳು ಒಬ್ಬಳೇ ಇದ್ದಳು. ಎಲೆ ಹಾಕಿದರೆ ಅವಳು ಆ ಸಾಲಿಗೆ ಸೇರಿದಳು ಎಂದಾಗುತ್ತದೆ. ಹಾಗೆ ಸೇರಿದವರು ಪರದೆಯಲ್ಲಿ ಕರೆಯುತ್ತಾರೆಯೇ?

ನೀವು ಸಹಿ ರದ್ದುಮಾಡಿದರೆ ಆ ಪೆಟ್ಟಿಗೆ ಮತ್ತೆ ಬರುವುದಿಲ್ಲ ಎಂದು ನನಗೆ ಗೊತ್ತಿದೆ. ನನ್ನ ಕೈಯಲ್ಲಿ ಉಳಿದದ್ದು ಅದೊಂದೇ. ಆದರೆ ಅವಳ ಹೆಸರಿಗೆ ಕುಕ್ಕಪ್ಪ ಬೈಯುವುದನ್ನು ನಾನು ಕೇಳಲಾರೆ. ನಿಮ್ಮ ಕೆಲಸ ಮಾಡಿ.

ತಿಮ್ಮಕ್ಕ


ಮಸ್ಕತ್
19 ಜನವರಿ 2025

ತಿಮ್ಮಕ್ಕನವರಿಗೆ,

ಐದು ಸಲ ಬರೆಯಲು ಕೂತು ಎದ್ದೆ. ಕನಿಕರದ ಕಾಗದ ಭವಿತಾಳಿಗೆ ಬೇಡವಾಗಿತ್ತು, ನಿಮಗೂ ಬೇಡವೆಂದು ಬಲ್ಲೆ.

ಫೆಬ್ರವರಿಯ ಆ ಮಾತು ನನ್ನದೇ. ಅದನ್ನು ಬರೆದ ದಿನ ನನಗೆ ಬೇರೆ ಯಾರ ಮೇಲೋ ಸಿಟ್ಟಿತ್ತು. ಉತ್ತರ ಬಾರದಿದ್ದಾಗ ಸೊಕ್ಕು ಎಂದುಕೊಂಡೆ. ಮತ್ತೆ ಪ್ಯಾಕೇಜುಗಳು ಚುರುಕಾಗಿ ಬರಲು ಶುರುವಾದಾಗ, ನನ್ನ ಮಾತು ನಾಟಿತು ಎಂದು ಒಳಗೊಳಗೆ ಹಿಗ್ಗಿದ್ದೂ ಉಂಟು. ಅದನ್ನು ನಿಮಗೆ ಹೇಳದೆ ಇರಲಾರೆ. ನಾನು ಹಿಗ್ಗುತ್ತಿದ್ದ ಹೊತ್ತಿಗೆ ಒತ್ತುತ್ತಿದ್ದದ್ದು ನಿಮ್ಮ ಬೆರಳು.

ಹದಿನೇಳರಂದು ಅವರ ಸಹಿಯನ್ನು ರದ್ದುಮಾಡಿದೆ. ಕೊರಳನ್ನು ಈಗ ನಾನು ನೋಡಿಕೊಳ್ಳುತ್ತೇನೆ. ದೋಷ ಸರಿಯಾಗಿದೆ, ಶಾಲೆಯಿಂದ ಉತ್ತರ ಬಂತು. ಕುಕ್ಕಪ್ಪನವರ ಯಂತ್ರವೂ ಇಷ್ಟು ಹೊತ್ತಿಗೆ ಮಾತಾಡುತ್ತಿರಬೇಕು.

ಭವಿತಾಳ ಹೆಸರು ಮುಂದೆ ಬರುವುದಿಲ್ಲ. ಆದರೆ ಹಿಂದಿನದ್ದು ಹೋಗುವುದೂ ಇಲ್ಲ. ಪ್ರತಿ ಪ್ಯಾಕೇಜಿನ ಒಳಗೆ ಬದಲಾವಣೆಯ ಪಟ್ಟಿ ಇರುತ್ತದೆ. ಮೇಲೆ ಹೊಸತು ಸೇರುತ್ತದೆ, ಕೆಳಗಿನದ್ದನ್ನು ಅಳಿಸುವ ಕ್ರಮ ನಮ್ಮಲ್ಲಿಲ್ಲ. ಅವರದ್ದು ನಲವತ್ತೊಂದು ಸಲ ಇದೆ. ಅವುಗಳಲ್ಲಿ ಹನ್ನೊಂದು ಕಡೆ ಕೊನೆಗೆ ಒಂದು ಸಾಲು: 'ಕೇಳಿ ನೋಡಿದವರು: ತಿಮ್ಮಕ್ಕ.' ಇದು ನಿಮಗೆ ಗೊತ್ತಿತ್ತೇ?

ಒಂದು ಕೇಳಿಕೆ. ಆ ಸಣ್ಣ ಪ್ರೋಗ್ರಾಂ ಹೇಗಿದೆ ಎಂದು ನನಗೆ ನೋಡಬೇಕು. ಯಾರಾದರೂ ಕಳುಹಿಸಿಕೊಡುವವರಿದ್ದರೆ ತಿಳಿಸಿ. ಪೆಟ್ಟಿಗೆ ಮತ್ತೆ ಬಂದರೆ ದಯವಿಟ್ಟು ಒತ್ತಬೇಡಿ.

ಶಿಹಾಬ್


ಗುತ್ತಿಗಾರು
14 ಫೆಬ್ರವರಿ 2025

ಶಿಹಾಬರಿಗೆ,

ಇದರೊಂದಿಗೆ ಮೂರು ಹಾಳೆ ಇಟ್ಟಿದ್ದೇನೆ. ಆ ಯಂತ್ರವನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಹಾಗಾಗಿ ಪರದೆ ನೋಡಿಕೊಂಡು ನಾನೇ ಕೈಯಲ್ಲಿ ನಕಲು ಮಾಡಿದೆ. ಒಂಬತ್ತು ದಿನ ಹಿಡಿಯಿತು. ಬ್ರಾಕೆಟ್ಟು, ಚುಕ್ಕಿ, ಅಡ್ಡಗೆರೆ ಎಲ್ಲ ಎರಡೆರಡು ಸಲ ತಾಳೆ ನೋಡಿದ್ದೇನೆ. ತಪ್ಪಿಲ್ಲ.

ಕುಕ್ಕಪ್ಪನದ್ದು ಮಾತಾಡುತ್ತದೆ. ನಿನ್ನೆ ಬಂದವನು "ಭವಿತಕ್ಕನ ಹೆಸರಲ್ಲಿದ್ದ ಆ ಕಳ್ಳನನ್ನು ಓಡಿಸಿದ್ರಂತೆ" ಎಂದ. "ಹೌದಂತೆ" ಎಂದೆ.

ಹನ್ನೊಂದು ಸಾಲುಗಳ ವಿಷಯ ನನಗೆ ಗೊತ್ತಿರಲಿಲ್ಲ. ಅವಳು ಪೇಪರ್ ಓದಿಸಿ ನನ್ನಲ್ಲಿ ಕೇಳುತ್ತಿದ್ದದ್ದು ಹೌದು. "ಇದು ಎಂತ, ರೇಡಿಯೋದವರು ಜ್ವರ ಬಂದು ಓದಿದ ಹಾಗೆ" ಎಂದು ನಾನು ಹೇಳುವುದು, ಅವಳು ಬೈದುಕೊಂಡು ಸರಿಮಾಡುವುದು. ಅದನ್ನು ಬರೆದಿಟ್ಟಿದ್ದಾಳೆ ಎಂದು ನೀವು ಹೇಳಿದ ಮೇಲೆಯೇ ತಿಳಿದದ್ದು.

ತಿಮ್ಮಕ್ಕ


ಮಸ್ಕತ್
9 ಮಾರ್ಚ್ 2025

ತಿಮ್ಮಕ್ಕನವರಿಗೆ,

ಮೂರು ಹಾಳೆಗಳನ್ನೂ ಟೈಪ್ ಮಾಡಿ ಓಡಿಸಿದೆ. ಒಂದೇ ಸಲಕ್ಕೆ ಓಡಿತು. ನನ್ನ ಜೊತೆ ಕೆಲಸ ಮಾಡುವವರಿಗೆ ತೋರಿಸಿದರೆ ಅವರು ನಂಬಲಿಲ್ಲ.

ಅದರಲ್ಲಿ ಎರಡು ಸಂಗತಿ ಇದೆ. ಸಹಿ ರದ್ದಾದರೆ ಪೆಟ್ಟಿಗೆ ಬರುವುದಿಲ್ಲ ಎಂದು ನೀವು ಬರೆದಿದ್ದಿರಿ. ಹಾಗಲ್ಲ. ಮೂಲದಲ್ಲಿ ಹೊಸತು ಬಂದಾಗಲೆಲ್ಲ ಅದು ಬರುತ್ತದೆ. ಬೇರೆ ಯಾರಾದರೂ ಅದನ್ನು ಕಟ್ಟಿ ಕಳುಹಿಸಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಭವಿತಾ ಅದಕ್ಕೂ ದಾರಿ ಇಟ್ಟಿದ್ದರು. ಇನ್ನು ಕಳುಹಿಸುವವನು ನಾನು.

ಎರಡನೆಯದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಮೇಲಿನಿಂದ ಆರನೆಯ ಸಾಲು ಯಂತ್ರಕ್ಕಲ್ಲ, ತನಗೇ ಇಂಗ್ಲಿಷಿನಲ್ಲಿ ಬರೆದುಕೊಂಡ ಸೂಚನೆ. 'ಇದು ಒಂದು ತಿಂಗಳಿಗೆ ಮಾತ್ರ. ನಾನು ಎದ್ದ ಮೇಲೆ ತೆಗೆದುಹಾಕಬೇಕು.'

ಇವತ್ತಿನ ತಾರೀಕು ನೆನಪಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಶಿಹಾಬ್


ಗುತ್ತಿಗಾರು
27 ಅಕ್ಟೋಬರ್ 2025

ಶಿಹಾಬರಿಗೆ,

ಏಳು ತಿಂಗಳು ಉತ್ತರ ಬರೆಯಲಿಲ್ಲ. ಆರನೆಯ ಸಾಲನ್ನು ನಕಲು ಮಾಡುವಾಗಲೇ ನಾನು ಓದಿದ್ದೇನೆ. ನಾನು ಹೈಸ್ಕೂಲು ಮುಗಿಸಿದವಳು. ಅಷ್ಟು ಇಂಗ್ಲಿಷ್ ನನಗೆ ಬರುತ್ತದೆ. ನೀವು ಅದನ್ನು ಮುಚ್ಚಿಡುತ್ತೀರೋ ಹೇಳುತ್ತೀರೋ ಎಂದು ನೋಡಬೇಕಿತ್ತು. ಹೇಳಿದಿರಿ.

ನೀವು ಕೆಲಸದಲ್ಲಿ ಚುರುಕು, ಅದನ್ನು ಒಪ್ಪುತ್ತೇನೆ. ಈ ನಡುವೆ ಪೆಟ್ಟಿಗೆ ಮೂರು ಸಲ ಬಂತು. ಮೂರು ಸಲವೂ ಕೈಯನ್ನು ಮಡಿಲಲ್ಲಿ ಕಟ್ಟಿಕೊಂಡು ಎದುರು ಕೂತೆ. ಒಮ್ಮೆ ಎರಡು ದಿನ ಇತ್ತು. ನೀವು ಓದುತ್ತಿದ್ದೀರಿ ಎಂದುಕೊಂಡೆ. ಮತ್ತೆ ಮುಚ್ಚಿತು. ಮುಚ್ಚುವಾಗ ಸದ್ದಿಲ್ಲ. ನೋಡುತ್ತಿದ್ದ ಹಾಗೆಯೇ ಅವ್ವ ಎಂಬ ಅಕ್ಷರ ಇಲ್ಲವಾಗುತ್ತದೆ.

ನಾಲ್ಕನೆಯದ್ದು ಮೊನ್ನೆ ದೀಪಾವಳಿಯ ದಿನ ಬಂತು. ಬೆಳಿಗ್ಗೆ ಎಂಟಕ್ಕೆ ನೋಡಿದೆ. ಹನ್ನೊಂದಕ್ಕೆ ಅಡಿಗೆ ಮುಗಿಯಿತು, ಆಗಲೂ ಇತ್ತು. ಮೇದಪ್ಪ ಭಾವ ಬಾಳೆಎಲೆ ಹಿಡಿದುಕೊಂಡು ಬಂದರು.

"ಎಲೆ ಎಷ್ಟು?"

"ಒಂದು ಹೆಚ್ಚು ಹಾಕಿ."

ಅವರು ಎಲೆಗಳನ್ನೇ ನೋಡುತ್ತಾ ನಿಂತರು. "ಸಾಲಿನ ಕೊನೆಗೆ ಇಡುದಾ?"

"ಅವಳದ್ದು ಅಲ್ಲಿ ಅಲ್ಲ ಭಾವ. ಅವಳು ಎಲ್ಲಿ ಕೂತು ಉಣ್ಣುದು ಅಂತ ನಿಮಗೆ ಗೊತ್ತಿಲ್ಲವಾ? ಕಂಪ್ಯೂಟರ್ ಎದುರು."

"ಅದೂ ಹೌದು" ಎಂದರು. "ಎಷ್ಟು ಬೈದ್ರೂ ಚಾವಡಿಗೆ ಬಂದವಳಲ್ಲ."

ಅವಳ ಮೇಜಿನ ಮೇಲೆಯೇ ಎಲೆ ಇಟ್ಟು ಬಡಿಸಿದೆ. ಕೋಳಿ, ಒಣಮೀನಿನ ಚಟ್ನಿ, ನೀರುದೋಸೆ. ಎಲೆಯ ಆಚೆ ಪರದೆ. ಪರದೆಯಲ್ಲಿ ಅವಳ ಕರೆ.

ಸಹಿಯ ಗುಟ್ಟಿನ ಸಾಲು ಈಗ ಯಾರ ಉಪಯೋಗಕ್ಕೂ ಇಲ್ಲ. ಹಾಗಾಗಿ ನಿಮಗೆ ಬರೆಯುತ್ತೇನೆ. ಅದು ನಾನು ಅವಳಿಗೆ ಹತ್ತು ಹದಿನೈದು ವರ್ಷ ದಿನಾ ಬೈದ ಮಾತು. ನನ್ನನ್ನು ಗೇಲಿ ಮಾಡಲೆಂದೇ ಅದನ್ನು ಇಟ್ಟುಕೊಂಡಿದ್ದಳು. ಅವಳು ಹೋದ ಮೇಲೆ ಎಷ್ಟೋ ಸಲ ಅದನ್ನು ಬೆರಳಿನಲ್ಲಿ ಒತ್ತಿದ್ದೇನೆ, ಬಾಯಿಯಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಆ ದಿನ ಎಲೆಗೆ ನೀರು ಇಟ್ಟು, ಮೊದಲಿನ ಹಾಗೆಯೇ ಗಟ್ಟಿಯಾಗಿ ಹೇಳಿದೆ:

"ಉಣ್ಣುವಾಗ ಆದ್ರೂ ಅದನ್ನು ಮುಚ್ಚು ಮಾರಾಯ್ತಿ."

ಬಾಗಿಲು ಎಳೆದುಕೊಂಡು ಹೊರಗೆ ಬಂದೆವು. ಒಳಗೆ ಉಣ್ಣುವವರಿಗೆ ಬೇಕಾಗುವಷ್ಟು ಹೊತ್ತು ಕಾಯುವುದು ಕ್ರಮ. ಮತ್ತೆ ಭಾವ ಒಳಗಿನವರಿಗೆ ತಿಳಿಯಲೆಂದು ಮೂರು ಸಲ ಕೆಮ್ಮಿ ಬಾಗಿಲು ತೆಗೆದರು.

ಎಲೆ ಇಟ್ಟ ಹಾಗೆಯೇ ಇತ್ತು. ಪೆಟ್ಟಿಗೆ ಮುಚ್ಚಿತ್ತು.

ಹೊಸ್ತಿಲಲ್ಲಿದ್ದ ಚಪ್ಪಲಿಯನ್ನು ಒಳಗೆ ತೆಗೆದಿಟ್ಟಿದ್ದೇನೆ. ನಿಮ್ಮ ತಾಯಿಗೆ ಹೇಳಿ. ಈ ಕಡೆ ಬಂದರೆ ಚಹಾಕ್ಕೆ ಬರಲಿ, ಈ ಸಲ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತೇನೆ. ಹೊಸ ಕೊರಳನ್ನು ಕುಕ್ಕಪ್ಪನ ಅಂಗಡಿಯಲ್ಲಿ ಕೂತು ಕೇಳಿದೆ. ವಾಕ್ಯದ ಕೊನೆಯಲ್ಲಿ ದಣಿದವರ ಹಾಗೆ ಇಳಿಯುತ್ತದೆ. ಸರಿಮಾಡಿ. ಕೇಳಿ ನೋಡಿದವರು ಯಾರು ಎಂದು ಬರೆಯುವ ಕ್ರಮ ಇನ್ನೂ ಇದ್ದರೆ ಬರೆದುಕೊಳ್ಳಿ.

ಆ ದಿನ ನೀವು ಎಷ್ಟು ಗಂಟೆಗೆ ಕಳುಹಿಸಿದಿರಿ ಎಂಬುದು ನಿಮ್ಮ ದಾಖಲೆಯಲ್ಲಿ ಇರುತ್ತದೆ. ಎಲ್ಲವನ್ನೂ ಹೇಳಿಬಿಡುವ ಅಭ್ಯಾಸ ನಿಮಗೆ ಈಗ ಬಂದಿದೆ. ಇದೊಂದನ್ನು ಮಾತ್ರ ನನಗೆ ಬರೆಯಬೇಡಿ.

ತಿಮ್ಮಕ್ಕ